ಮುಟ್ಟಿ ನೋಡಿ

ನನಗೆ ಕುಷ್ಠರೋಗ ಬಂದಿತ್ತು. ಈಗ ಇಲ್ಲ. ಈ ಎರಡು ವಾಕ್ಯಗಳಲ್ಲಿ ಮೊದಲನೆಯದು ಮಾತ್ರ ಕೇಳಿಸುವ, ಎರಡನೆಯದಕ್ಕೆ ಕಿವಿ ಮಂದವಾಗುವ ಜನ ನಮ್ಮ ಉಡುಪಿಯಲ್ಲಿ ಬೇಕಾದಷ್ಟು ಇದ್ದಾರೆ. ಇದು ಅವರಿಗಾಗಿ ಬರೆದದ್ದಲ್ಲ. ಯಾವುದೋ ಆಸ್ಪತ್ರೆಯ ಚರ್ಮರೋಗ ವಿಭಾಗದ ಹೊರಗೆ, ಸೆರಗಿನೊಳಗೆ ಕೈ ಹುದುಗಿಸಿಕೊಂಡು, ಗುರುತಿನವರು ಯಾರಾದರೂ ಬಂದಾರೋ ಎಂದು ಬಾಗಿಲನ್ನೇ ನೋಡುತ್ತ ಕೂತವರಿಗಾಗಿ ಬರೆದದ್ದು. ಸಮಾಧಾನದ ಮಾತು ಬೇಕಿದ್ದರೆ ಬೇರೆ ಕಡೆ ಹುಡುಕಿ. ನನ್ನ ಹತ್ತಿರ ಅದರ ದಾಸ್ತಾನು ಕಡಿಮೆ.

ನನ್ನ ಕಸುಬು ಹೊಲಿಗೆ. ಬ್ಲೌಸ್ ಹೊಲಿಯುತ್ತೀರಾ ಎಂದು ಕೇಳಬೇಡಿ, ಅದನ್ನು ಕೇಳಿ ಕೇಳಿ ಸಾಕಾಗಿದೆ. ದಪ್ಪ ಹತ್ತಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಸೂಜಿ ದಾರದಲ್ಲಿ ನಮ್ಮ ಸೀಮೆಯ ನೆಲವನ್ನೂ ನೀರನ್ನೂ ಮಾಡುತ್ತೇನೆ. ಕಾಪುವಿನ ಕಡಲಿಗೆ ಸಡಿಲ ಬಿಟ್ಟ ನೂಲು, ಕಾರ್ಕಳದ ಬಂಡೆಗೆ ಒತ್ತೊತ್ತಾಗಿ ಹಾಕಿದ ಗಂಟುಗಳು. ಕಾಪುವಿನ ಚಿತ್ರ ನೋಡಿದವರೆಲ್ಲ ದೀಪಸ್ತಂಭ ಎಲ್ಲಿ ಎಂದು ಕೇಳುತ್ತಾರೆ. ದೀಪಸ್ತಂಭಕ್ಕೆ ಬೆನ್ನು ಹಾಕಿ ಕೂತು ಹೊಲಿದದ್ದು ಎನ್ನುತ್ತೇನೆ. ನನ್ನ ಪ್ರದರ್ಶನಗಳಲ್ಲಿ ‘ಮುಟ್ಟಿ ನೋಡಿ’ ಎಂಬ ಫಲಕ ಇರಲೇಬೇಕು, ಅದು ನನ್ನ ಷರತ್ತು. ಕಣ್ಣಿಗೆ ಮಾತ್ರ ಸಾಕೆಂದಿದ್ದರೆ ಫೋಟೋ ತೆಗೆಯಬಹುದಿತ್ತು, ಬೆನ್ನು ಮುರಿದುಕೊಂಡು ಗಂಟು ಹಾಕುವ ಕರ್ಮ ಯಾರಿಗೆ ಬೇಕು?

ಚೌಕಟ್ಟಿನ ಕೆಲಸದಲ್ಲಿ ಬಲಗೈ ಬಟ್ಟೆಯ ಮೇಲಿರುತ್ತದೆ, ಎಡಗೈ ಕೆಳಗೆ. ಮೇಲಿನಿಂದ ಇಳಿದ ಸೂಜಿಯನ್ನು ಎಡಗೈ ಕಾಣದೆಯೇ ಹಿಡಿದು ವಾಪಸು ಕಳಿಸಬೇಕು. ಒಂದು ಮಧ್ಯಾಹ್ನ ಕಡಿಯಾಳಿಯ ನಮ್ಮ ಮನೆಯಲ್ಲಿ ಕಾಪುವಿನ ಕಡಲು ಹೊಲಿಯುತ್ತಿದ್ದೆ. ಎದ್ದು ನೀರು ಕುಡಿಯೋಣವೆಂದರೆ ಎಡಗೈ ಬರಲಿಲ್ಲ. ಬಗ್ಗಿ ನೋಡಿದೆ. ಕಿರುಬೆರಳ ಚರ್ಮದೊಳಗಿನಿಂದ ನೀಲಿ ನೂಲು ಹಾದುಹೋಗಿತ್ತು. ಬೆರಳನ್ನು ಕಡಲಿಗೆ ಹೊಲಿದುಬಿಟ್ಟಿದ್ದೆ, ಒಂದಿಷ್ಟೂ ನೋವಾಗಿರಲಿಲ್ಲ. ಊಟಕ್ಕೆ ಬಂದಿದ್ದ ಗಂಡ ಸುಧಾಕರನನ್ನು ಕರೆದೆ. ಕತ್ತರಿಯಿಂದ ನೂಲು ಕತ್ತರಿಸುವಾಗ ಅವನ ಮುಖ ಬಿಳಿಚಿಕೊಂಡಿತ್ತು. ನಾನು ಮಾತ್ರ ಅಲೆ ಹಾಳಾಗುತ್ತದೆ, ನೋಡಿ ಕತ್ತರಿಸು ಎಂದು ಬೈಯುತ್ತಿದ್ದೆ.

ಸೂಚನೆ ಮೊದಲೇ ಇತ್ತು. ಎಡ ಮೊಣಕೈಯ ಹಿಂದೆ ತಿಳಿ ಬಣ್ಣದ ಒಂದು ಮಚ್ಚೆ. ಒಬ್ಬ ಡಾಕ್ಟರು ಅದನ್ನು ಹುಳುಕಡ್ಡಿ ಎಂದು ಮುಲಾಮು ಕೊಟ್ಟಿದ್ದರು. ಬೆರಳು ಜೋಮು ಹಿಡಿಯುತ್ತದೆ ಎಂದದ್ದಕ್ಕೆ ಇನ್ನೊಬ್ಬರು ಕುತ್ತಿಗೆಯ ಮೂಳೆ ಸವೆದಿದೆ, ಹೊಲಿಗೆ ಬಿಟ್ಟುಬಿಡಿ ಎಂದಿದ್ದರು. ಹೆಂಗಸರಿಗೆ ಬಿಟ್ಟುಬಿಡಿ ಎನ್ನುವುದು ನಮ್ಮಲ್ಲಿ ಎಲ್ಲಕ್ಕಿಂತ ಅಗ್ಗದ ಔಷಧ, ಪಥ್ಯವೂ ಇಲ್ಲ.

ಮಣಿಪಾಲಕ್ಕೆ ಹೋದೆವು. ಕಾಯುವ ಜಾಗದಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹೃದಯದವರು, ಕಿಡ್ನಿಯವರು ಪಕ್ಕದಲ್ಲಿ ಕೂತವರಿಗೆ ತಮ್ಮ ಪುರಾಣ ಹೇಳಿಕೊಳ್ಳುತ್ತಾರೆ, ರಿಪೋರ್ಟು ಬಿಚ್ಚಿ ತೋರಿಸುತ್ತಾರೆ. ಚರ್ಮದವರು ಹಾಗಲ್ಲ. ನನ್ನ ಪಕ್ಕದ ಹೆಂಗಸು ಆ ಸೆಕೆಯಲ್ಲೂ ಉದ್ದ ತೋಳಿನ ಸ್ವೆಟರ್ ಹಾಕಿದ್ದಳು. ಎಲ್ಲಿಂದ ಬಂದದ್ದೆಂದು ಕೇಳಿದೆ. ಶಿರ್ವ ಎಂದವಳು, ನಾನು ಶಿರ್ವದಲ್ಲಿ ಯಾರ ಮನೆ ಎಂದು ಕೇಳಬಹುದೆಂದು ಹೆದರಿ ಎದ್ದು ಬೇರೆ ಕುರ್ಚಿಗೆ ಹೋದಳು. ನನಗೆ ಆಗ ಸಿಟ್ಟು ಬಂತು. ಈಗ ಅವಳೇ ಬುದ್ಧಿವಂತೆ ಅನಿಸುತ್ತದೆ.

ಡಾಕ್ಟರು ಸಣ್ಣ ವಯಸ್ಸಿನವಳು. ಎಡಗೈಯನ್ನು ಮೇಜಿನ ಮೇಲಿಡಿಸಿ, ಹತ್ತಿಯ ಎಳೆಯೊಂದನ್ನು ತೆಗೆದುಕೊಂಡಳು. ಕಣ್ಣು ಮುಚ್ಚಿ, ನಾನು ಮುಟ್ಟಿದ ಕೂಡಲೇ ಹೇಳಿ ಎಂದಳು. ಮುಚ್ಚಿದೆ. ಕಾದೆ. ಫ್ಯಾನಿನ ಶಬ್ದ ಕೇಳುತ್ತಿತ್ತು. ಇವಳು ಯಾರೊಡನೆಯೋ ಮಾತಿಗೆ ನಿಂತಿರಬೇಕು ಅನಿಸಿ, “ಶುರು ಮಾಡಿ ಡಾಕ್ಟರ್” ಎಂದೆ.

“ಮುಗಿಯಿತು” ಎಂದಳು.

ಮೊಣಕೈಯ ಸಂದಿನಲ್ಲಿ ನರವನ್ನು ಹುಡುಕಿ ಹಿಡಿದು ನೋಡಿದಳು, ಪರೀಕ್ಷೆಗೆಂದು ಕಿವಿಯ ಹಾಲೆಯಿಂದ ಚೂರು ರಸ ತೆಗೆಸಿದಳು, ಮತ್ತೆ ಬರಲು ಹೇಳಿದಳು. ಮತ್ತೆ ಹೋದಾಗ ರೋಗದ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿದಳು. ಕನ್ನಡದಲ್ಲಿ ಹೇಳಿ ಎಂದು ಹಟ ಹಿಡಿದೆ. ಹೇಳಿದಳು. ಸುಧಾಕರ ಕುರ್ಚಿಯಿಂದ ಎದ್ದ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಕೂತ. ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ನನ್ನಿಂದ ಯಾರಿಗೂ ಹರಡುವುದಿಲ್ಲ, ಮನೆಯಲ್ಲಿ ತಟ್ಟೆ ಲೋಟ ಬೇರೆ ಮಾಡುವ ಅಗತ್ಯವಿಲ್ಲ, ರೋಗ ಪೂರ್ತಿ ಗುಣವಾಗುತ್ತದೆ, ಆದರೆ ಕಿರುಬೆರಳು ಮತ್ತು ಉಂಗುರ ಬೆರಳಿನ ಸ್ಪರ್ಶ ವಾಪಸು ಬರುವುದು ಸಂಶಯ ಎಂದು ಅವಳು ನಿಧಾನವಾಗಿ ಹೇಳಿದಳು. ಅವಳು ನನ್ನ ಎಡಗೈಯನ್ನು ತನ್ನ ಬರಿಗೈಯಲ್ಲಿ ಹಿಡಿದೇ ಇಷ್ಟನ್ನೂ ಹೇಳಿದಳು. ಅದು ದೊಡ್ಡ ವಿಷಯವೆಂದು ನನಗೆ ಆಗ ಗೊತ್ತಾಗಲಿಲ್ಲ. ಮುಂದೆ ಒಂದು ವರ್ಷ ಹಾಗೆ ಹಿಡಿಯುವವರು ಬಹಳ ಕಮ್ಮಿಯಾದರು.

ಕಾರ್ಕಳದಲ್ಲಿ ಅಣ್ಣನ ಮನೆಯಲ್ಲಿ ಅಮ್ಮ ಇದ್ದಾಳೆ. ವಾರಗಟ್ಟಲೆ ನಾನು ಅಲ್ಲಿ ಕೂತು ಬಂಡೆ ಹೊಲಿದದ್ದುಂಟು, ಹಾಗಾಗಿ ಅವಳನ್ನೂ ಪರೀಕ್ಷೆ ಮಾಡಿಸಬೇಕಿತ್ತು. ಹೋಗಿ ಹೇಳಿದೆ. ನೋವುಂಟಾ, ಊಟ ಸೇರುತ್ತದಾ ಎಂದು ಅವಳು ಕೇಳಲಿಲ್ಲ. ಯಾರಿಗೆಲ್ಲ ಗೊತ್ತುಂಟು ಎಂದು ಕೇಳಿದಳು. ಆಮೇಲೆ ಸ್ವಲ್ಪ ಯೋಚಿಸಿ, “ಕೇಳಿದವರಿಗೆ ಸರ್ಪಸುತ್ತು ಅಂತ ಹೇಳುವ” ಎಂದಳು. ನಾವು ಆಡಿದ್ದು ತುಳುವಿನಲ್ಲಿ, ಬರೆಯುವುದಕ್ಕೆ ಕನ್ನಡ ಮಾಡಿದ್ದೇನೆ. ಯಾವ ಭಾಷೆಯಲ್ಲೂ ಅವಳು ನನ್ನ ರೋಗದ ಹೆಸರು ಹೇಳಲಿಲ್ಲ.

ಸರ್ಪಸುತ್ತು ಎಂದರೆ ಸೊಂಟದ ಸುತ್ತ ಗುಳ್ಳೆ ಏಳುವ ಕಾಯಿಲೆ. ಗುಳ್ಳೆಯ ಸಾಲು ಸುತ್ತಿ ಬಂದು ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಮರ್ಯಾದಸ್ಥ ಕಾಯಿಲೆ, ನಾಗನ ಹೆಸರೂ ಇದೆ. ಆದರೆ ಅದು ಎರಡು ಮೂರು ವಾರದಲ್ಲಿ ಮುಗಿಯುತ್ತದೆ ಎಂಬುದನ್ನು ಅಮ್ಮ ಮರೆತಳು. ನನ್ನ ಮಾತ್ರೆ ಒಂದು ವರ್ಷದ್ದು. ತಿಂಗಳು ಕಳೆದ ಹಾಗೆ ಬಂಧುಗಳು ತಲೆ ಬಾಲ ಎಲ್ಲಿವರೆಗೆ ಬಂತು ಎಂದು ಫೋನು ಮಾಡಿ ವಿಚಾರಿಸತೊಡಗಿದರು. ಕಡಿಯಾಳಿಯಲ್ಲಿ ಪಕ್ಕದ ಮನೆಯ ಶಾಲಿನಿಯಕ್ಕ ಗೇಟಿನಾಚೆಯಿಂದ, ಎಂತ ಮಾರಾಯ್ತಿ, ಇಷ್ಟು ಉದ್ದದ ಸರ್ಪ ಯಾವ ಕಾಡಿನದ್ದು ಎಂದು ನಗುತ್ತ ಕೇಳಿದಳು. ಆ ನಗು ನನಗೆ ಅರ್ಥವಾಯಿತು. ಆಶಾ ಕಾರ್ಯಕರ್ತೆ ಪಾಪ ಯಾರೊಡನೆಯೂ ತುಟಿ ಬಿಚ್ಚಿದವಳಲ್ಲ. ಆದರೆ ಮಾತ್ರೆ ವಿಚಾರಿಸಲು ನಮ್ಮ ಮನೆಗೆ ಬಂದವಳು ಅಕ್ಕಪಕ್ಕದ ಮನೆಗಳಲ್ಲೂ ಮೈಮೇಲೆ ಮಚ್ಚೆ ಉಂಟಾ ಎಂದು ಕೇಳಿ ಹೋಗಿದ್ದಳು, ಅದು ಅವಳ ಕೆಲಸ. ಎರಡಕ್ಕೆ ಎರಡು ಕೂಡಿಸಲು ಶಾಲಿನಿಯಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಮ್ಮ ನಾಗನ ಪೂಜೆಯೆಂದು ಒಂದು ಆಶ್ಲೇಷಾ ಬಲಿಯನ್ನೂ ಮಾಡಿಸಿದಳು. ನಾಗದೋಷವೆಂದು ಯಾರೋ ಜೋಯಿಸರು ಪ್ರಶ್ನೆ ಇಟ್ಟು ಹೇಳಿದ್ದರಂತೆ. ಬೇಡವೆಂದು ಜಗಳವಾಡಿ ಸೋತು ಹೋದೆ. ಭಟ್ಟರು ಪ್ರಸಾದವನ್ನು ಮೊಳದೆತ್ತರದಿಂದ ಕೈಗೆ ಬಿಟ್ಟರು. ಅವರು ಎಲ್ಲರಿಗೂ ಹಾಗೆಯೇ ಬಿಡುತ್ತಾರೆ. ಇಡೀ ವರ್ಷದಲ್ಲಿ ನಾನು ಎಲ್ಲರ ಸಮಕ್ಕೆ ಇದ್ದದ್ದು ಆ ಒಂದು ಸಾಲಿನಲ್ಲಿ ಮಾತ್ರ.

ಹೇಳಬೇಕಾದ ಮಾತು ಬೇರೆ ಉಂಟು. ಅಮ್ಮ ನನ್ನನ್ನು ಮುಟ್ಟುವುದನ್ನು ನಿಲ್ಲಿಸಿದಳು. ಪರೀಕ್ಷೆಯಲ್ಲಿ ಅವಳಿಗೆ ಏನೂ ಇಲ್ಲವೆಂದು ಬಂತು, ಹರಡುವುದಿಲ್ಲವೆಂದು ಡಾಕ್ಟರು ಅವಳ ಎದುರಿಗೇ ಹೇಳಿದರು, ಹೌದು ಹೌದು ಎಂದು ತಲೆಯಾಡಿಸಿದಳು. ಮನೆಗೆ ಬಂದು ಚಾ ಲೋಟವನ್ನು ನನ್ನ ಕೈಗೆ ಕೊಡದೆ ಕಿಟಕಿಯ ದಂಡೆಯ ಮೇಲಿಟ್ಟಳು. ಹೋದಾಗಲೆಲ್ಲ ಕೂರಿಸಿಕೊಂಡು ತಲೆಗೆ ಎಣ್ಣೆ ತಟ್ಟುತ್ತಿದ್ದವಳು ಎಣ್ಣೆಯ ಬಾಟಲಿ ತೋರಿಸಿ ಅಲ್ಲುಂಟು ಎಂದಳು. ನಾನು ಬೇಕೆಂದೇ ಹತ್ತಿರ ಹೋಗಿ ಕೂರುತ್ತಿದ್ದೆ. ಅವಳು ಬೇಕೆಂದಲ್ಲದ ಹಾಗೆ ಎದ್ದು ಒಲೆಯ ಕಡೆ ಹೋಗುತ್ತಿದ್ದಳು. ರೋಗದ ಬಗ್ಗೆ ನನಗೆ ಅಷ್ಟು ಭಯವಿರಲಿಲ್ಲ, ಅದಕ್ಕೆ ಮಾತ್ರೆ ಇತ್ತು. ಅಮ್ಮ ಇನ್ನು ಯಾವತ್ತೂ ಮುಟ್ಟಲಿಕ್ಕಿಲ್ಲ ಎಂಬ ಭಯಕ್ಕೆ ಮಾತ್ರೆ ಇರಲಿಲ್ಲ. ನಲವತ್ತು ದಾಟಿದ ಹೆಂಗಸಿಗೆ ಅಮ್ಮ ಮುಟ್ಟಲಿಲ್ಲವೆಂದು ಅಳು ಬರುತ್ತದೆಯೇ ಎಂದು ಕೇಳುವವರು ಒಮ್ಮೆ ಅನುಭವಿಸಿ ನೋಡಲಿ.

ಮಾತ್ರೆಗಳು ತಮ್ಮ ಬಣ್ಣ ತೋರಿಸಿದವು. ಮೊದಲ ಮಾತ್ರೆಯ ದಿನ ಮೂತ್ರ ಕೆಂಪಾಗಿ ನಾನು ಬಚ್ಚಲಲ್ಲಿ ಕೂಗಿಕೊಂಡೆ, ಹಾಗಾಗುತ್ತದೆಂದು ಡಾಕ್ಟರು ಹೇಳಿದ್ದನ್ನು ಮರೆತಿದ್ದೆ. ಆಮೇಲೆ ಮೈ ಕಪ್ಪಾಗುತ್ತ ಬಂತು. ನರದ ಊತಕ್ಕೆಂದು ಕೊಟ್ಟ ಇನ್ನೊಂದು ಮಾತ್ರೆಗೆ ಮುಖ ದಪ್ಪವಾಯಿತು. ದಾರಿಯಲ್ಲಿ ಸಿಕ್ಕವರು ಸ್ವಲ್ಪ ಮೈ ತುಂಬಿದೆ, ಚಂದ ಕಾಣುತ್ತೀರಿ ಎಂದರು. ಬೀಚಿಗೆ ಹೋಗುವುದು ಕಮ್ಮಿ ಮಾಡಿ, ಬಣ್ಣ ಹೋಯಿತು ಎಂದರು. ವಿಷಯ ಗೊತ್ತಾದ ಮೇಲೆ ಏನನ್ನೂ ಹೇಳದೆ ರಸ್ತೆಯ ಆಚೆ ಬದಿಗೆ ದಾಟಿದರು. ಪಾಸಿಟಿವ್ ಆಗಿರಿ ಎಂದು ವಾಟ್ಸಾಪಿನಲ್ಲಿ ಹೂವಿನ ಚಿತ್ರ ಕಳಿಸಿದ ಗೆಳತಿಯೊಬ್ಬಳು ಮಗಳ ಸೀಮಂತಕ್ಕೆ ಕರೆಯಲಿಲ್ಲ. ಹೂವು ಈಗಲೂ ಬರುತ್ತಿರುತ್ತದೆ.

ಒಳ್ಳೆಯದೂ ಇತ್ತು, ಸುಳ್ಳು ಹೇಳಬಾರದು. ಸುಧಾಕರನಿಗೆ ಪರ್ಕಳದಲ್ಲಿ ಇಲೆಕ್ಟ್ರಿಕಲ್ ಅಂಗಡಿ. ಸ್ಪರ್ಶವಿಲ್ಲದ ಕೈಗೆ ಗಾಯವಾದರೆ ತಿಳಿಯುವುದಿಲ್ಲ, ದಿನಾ ಪರೀಕ್ಷಿಸಿ ಎಂದು ಡಾಕ್ಟರು ಹೇಳಿದ್ದರು. ಅವನು ಸಂಜೆ ಅಂಗಡಿಯಿಂದ ಬಂದವನೇ ಕನ್ನಡಕ ಹಾಕಿ ನನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ದೋಸೆ ಕಾವಲಿಗೆ ತಾಗಿ ಸುಟ್ಟ ಗುಳ್ಳೆ ಸಿಕ್ಕಿದರೆ ಬೈಗುಳ ಶುರು. ನಾನೂ ಬಿಡುತ್ತಿರಲಿಲ್ಲ. ಒಂದು ದಿನ ಬೈದು ಸುಸ್ತಾಗಿ, “ವಯರು ಸರಿ ಉಂಟು, ಕರೆಂಟು ಬರುವುದಿಲ್ಲ, ಅಷ್ಟೇ ಅಲ್ವಾ” ಎಂದ. ಯಾರೂ ನನಗೆ ನನ್ನ ರೋಗವನ್ನು ಅಷ್ಟು ಚೆನ್ನಾಗಿ ವಿವರಿಸಿರಲಿಲ್ಲ.

ಹೊಲಿಗೆ ಬಿಡುವ ಮಾತಿರಲಿಲ್ಲ. ಮಣಿಪಾಲದ ಒಂದು ಸಣ್ಣ ಗ್ಯಾಲರಿಯಲ್ಲಿ ನನ್ನ ಪ್ರದರ್ಶನ ರೋಗಕ್ಕಿಂತ ಮೊದಲೇ ನಿಶ್ಚಯವಾಗಿತ್ತು. ಎಡಗೈಗೆ ಕಾಣಿಸದೆ ಸೂಜಿ ಹಿಡಿಯಲಾಗದಿದ್ದರೆ ಕಾಣುವ ಹಾಗೆ ಮಾಡಿದರಾಯಿತು ಎಂದು ಸುಧಾಕರ ಚೌಕಟ್ಟಿನ ಕೆಳಗೆ ಕನ್ನಡಿಯೊಂದನ್ನು ಓರೆಯಾಗಿ ಕೂರಿಸಿ, ಪಕ್ಕದಲ್ಲಿ ದೀಪ ಹಾಕಿಕೊಟ್ಟ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಮೊದಲ ತಿಂಗಳು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಕೈಯನ್ನು ಹಾಳಾಗಿ ಹೋಗು ಎಂದು ಶಪಿಸಿದ್ದೇನೆ, ಹಾಳಾಗಿಯೇ ಇದೆಯಲ್ಲ ಎಂದು ನೆನಪಾಗಿ ನಕ್ಕಿದ್ದೇನೆ. ಕೊನೆಗೆ ಕಾರ್ಕಳದ ಬಂಡೆ ಮುಗಿಯಿತು. ಕಪ್ಪು, ಬೂದು, ಒಂಚೂರು ತುಕ್ಕಿನ ಬಣ್ಣ, ಗಂಟಿಗೆ ಗಂಟು ತಾಗಿ ನಿಂತಿತ್ತು. ನಾನು ಮಾಡಿದ್ದರಲ್ಲಿ ಅದೇ ಒಳ್ಳೆಯದು. ವಿನಯದ ಮಾತು ನನಗೆ ಬರುವುದಿಲ್ಲ.

ಗ್ಯಾಲರಿ ನಡೆಸುವ ವಿನುತಾ ಫೋನು ಮಾಡಿ, ಈ ಸಲ ಎಲ್ಲದಕ್ಕೂ ಗಾಜು ಹಾಕಿಸೋಣ, ಲುಕ್ ಬರುತ್ತದೆ ಎಂದಳು. ಯಾಕೆ ಎಂದೆ. ಕೃತಿಗಳ ಸುರಕ್ಷತೆಗೆ ಎಂದಳು. ಯಾರಿಂದ ಯಾರಿಗೆ ಸುರಕ್ಷತೆ ಎಂದು ಕೇಳಿದೆ. ಗಾಜು ಹಾಕಿದರೆ ನಾನಿಲ್ಲ ಎಂದೆ. ಒಪ್ಪಿದ ಹಾಗೆ ಮಾಡಿದಳು. ಉದ್ಘಾಟನೆಯ ಬೆಳಿಗ್ಗೆ ಹೋದರೆ ಗಾಜಿರಲಿಲ್ಲ. ಪ್ರತಿ ಚಿತ್ರದ ಮುಂದೆ ಹಗ್ಗ ಕಟ್ಟಿತ್ತು, ಫಲಕದಲ್ಲಿ ‘ದಯವಿಟ್ಟು ಮುಟ್ಟಬೇಡಿ’ ಎಂದು ಚಂದದ ಅಕ್ಷರದಲ್ಲಿ ಬರೆದಿತ್ತು.

ಹಗ್ಗವನ್ನು ನಾನೇ ಬಿಚ್ಚಿದೆ, ಬಿಚ್ಚಲು ಬಾರದ ಕಡೆ ಕತ್ತರಿಸಿದೆ. ವಿನುತಾ ಓಡಿ ಬಂದು ಮೆಲ್ಲನೆ ಮಾತಾಡು ಎಂದಳು. ಮೆಲ್ಲನೆ ಮಾತಾಡುವ ವಿಷಯ ನನ್ನಲ್ಲಿ ಇರಲಿಲ್ಲ. ಜನ ಫೋನು ಮಾಡಿ ವಿಚಾರಿಸುತ್ತಿದ್ದಾರೆ, ಕಾಲೇಜಿನ ಮಕ್ಕಳ ತಂದೆತಾಯಿಗಳು ಹೆದರಿದ್ದಾರೆ, ನನಗೂ ಗ್ಯಾಲರಿ ನಡೆಯಬೇಕಲ್ಲ ಪ್ರೇಮಾ ಎಂದು ಅವಳು ಕಣ್ಣಲ್ಲಿ ನೀರು ತಂದುಕೊಂಡಳು. ಅವಳ ಕಣ್ಣೀರು ನಿಜವೇ ಇರಬೇಕು. ನನಗೆ ಮಾತ್ರ ಕನಿಕರ ಬರಲಿಲ್ಲ, ಈಗಲೂ ಬಂದಿಲ್ಲ. ಅವಳ ಫಲಕಗಳನ್ನು ಗೋಡೆಯ ಕಡೆಗೆ ತಿರುಗಿಸಿ, ನನ್ನವನ್ನು ತೂಗುಹಾಕಿದೆ.

ಜನ ಬಂದರು. ‘ಮುಟ್ಟಿ ನೋಡಿ’ ಎಂಬುದನ್ನು ಓದಿದರು. ಓದಿದವರು ಒಬ್ಬೊಬ್ಬರಾಗಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನನ್ನ ಹಿಂದಿನ ಪ್ರದರ್ಶನಗಳಲ್ಲಿ ಅಲೆಯ ನೂಲು ಎಳೆದು ನೋಡಿ ನನ್ನಿಂದ ಬೈಸಿಕೊಂಡಿದ್ದ ಜನವೇ ಅಂದು ಬಂಡೆಯಿಂದ ಎರಡು ಹೆಜ್ಜೆ ದೂರ ನಿಂತು, ವಂಡರ್‌ಫುಲ್ ಎಂದು ತಲೆಯಾಡಿಸಿ ಚಾ ಬಿಸ್ಕೀಟಿನ ಕಡೆ ಹೋದರು. ಚಾವನ್ನು ಕುಡಿದವರೂ ಕಮ್ಮಿ. ಒಬ್ಬರಾದರೂ ಮುಟ್ಟಿದರೆ ಸಾಕು ಎಂದು ನಾನು ಕಾಯತೊಡಗಿದೆ. ಹಾಗೆ ಕಾಯುವುದಕ್ಕೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಮಧ್ಯಾಹ್ನ ಅಮ್ಮ ಬಂದಳು, ಕಾರ್ಕಳದಿಂದ ಒಬ್ಬಳೇ ಬಸ್ಸಿನಲ್ಲಿ. ಬರುತ್ತೇನೆಂದು ಹೇಳಿರಲಿಲ್ಲ. ಬಂಡೆಯ ಎದುರು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. ಚಿತ್ರವನ್ನು ನೋಡಲಿಲ್ಲ, ನೋಡುವವರನ್ನು ನೋಡುತ್ತ ಕೂತಳು. ಬಂದವರು ಕೈ ಕಟ್ಟುವುದನ್ನು, ಹಿಂದೆ ಸರಿಯುವುದನ್ನು ಅವಳು ಗಮನಿಸುತ್ತಿದ್ದದ್ದು ನನಗೆ ದೂರದಿಂದ ಕಾಣುತ್ತಿತ್ತು. ಅವಳ ದವಡೆ ಬಿಗಿಯುತ್ತ ಹೋಯಿತು. ಅಷ್ಟರಲ್ಲಿ ಶಾಲಿನಿಯಕ್ಕ ಬಂದಳು, ನೋಡದೆ ಇರಲು ಅವಳಿಂದ ಸಾಧ್ಯವೇ. ಅಮ್ಮನ ಹತ್ತಿರ ನಿಂತು, ಅದೇ ನಗುವಿನಲ್ಲಿ, ಮಗಳ ಸರ್ಪಸುತ್ತು ಗುಣ ಆಯಿತಾ ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಕೇಳಿದಳು.

ಅಮ್ಮ ಎದ್ದು ನಿಂತಳು.

“ಸರ್ಪವೂ ಇಲ್ಲ, ಎಂತದೂ ಇಲ್ಲ. ಕುಷ್ಠ. ನನ್ನ ಮಗಳಿಗೆ ಬಂದಿತ್ತು, ಗುಣ ಆಗಿದೆ. ಬಟ್ಟೆಗೆ ಬಂದಿರಲಿಲ್ಲ. ಮುಟ್ಟು.”

ಹೇಳಿದವಳೇ ಶಾಲಿನಿಯಕ್ಕನ ಮಣಿಕಟ್ಟು ಹಿಡಿದು ಕೈಯನ್ನು ಬಂಡೆಯ ಮೇಲೆ ಒತ್ತಿದಳು. ಆಮೇಲೆ ಅಮ್ಮ ಬಿಡಲಿಲ್ಲ. ಹತ್ತಿರ ಸುಳಿದವರನ್ನೆಲ್ಲ ಹಿಡಿದಳು, ಲೆಕ್ಚರರ್ ಆಗಲಿ, ಬಿಳಿ ಅಂಗಿಯ ಬ್ಯಾಂಕಿನವರಾಗಲಿ. ಕೆಲವರು ಅವಳಿಗೆ ಹೆದರಿ ಮುಟ್ಟಿದರು. ಕೆಲವರು ಮುಟ್ಟಿ, ಕೈ ಅಲ್ಲೇ ಇಟ್ಟು ನಿಂತರು. ಒಬ್ಬ ಹುಡುಗಿ ಕಣ್ಣು ಮುಚ್ಚಿಕೊಂಡು ಎರಡೂ ಕೈಯಲ್ಲಿ ಬಂಡೆಯನ್ನು ತಡವಿದಳು. ಇಬ್ಬರು ಹೊರಗೆ ಹೋಗಿ ಸ್ಯಾನಿಟೈಸರ್ ಹಚ್ಚಿಕೊಂಡದ್ದನ್ನೂ ನೋಡಿದೆ, ಮುಖ ನೆನಪಿಟ್ಟುಕೊಂಡಿದ್ದೇನೆ.

ಅಮ್ಮ ಯಾಕೆ ಹಾಗೆ ಮಾಡಿದಳೆಂದು ನಾನು ಕೇಳಿಲ್ಲ. ಅವಳಿಗೆ ರೋಗಕ್ಕಿಂತ ಅವಮಾನ ದೊಡ್ಡದು. ಮಗಳ ಕೆಲಸವನ್ನು ಜನ ಕೈ ಕಟ್ಟಿ ನೋಡುವುದು ಎಲ್ಲಕ್ಕಿಂತ ದೊಡ್ಡ ಅವಮಾನವೆಂದು ಕಂಡಿರಬೇಕು. ನನ್ನ ಕಣ್ಣಿಗೆ ಬೇರೆಯದೂ ಬಿದ್ದಿತ್ತು. ಇಡೀ ಮಧ್ಯಾಹ್ನ ಅವಳು ಹಿಡಿದದ್ದು ಬೇರೆಯವರ ಕೈಗಳನ್ನು. ಬಂಡೆಯನ್ನು ತಾನು ಮುಟ್ಟಿರಲಿಲ್ಲ. ನನ್ನನ್ನೂ ಮುಟ್ಟಿರಲಿಲ್ಲ.

ಸಂಜೆ ಅವಳನ್ನು ಬಸ್ಸಿಗೆ ಬಿಡಲು ಹೋದೆ. ಕಾರ್ಕಳದ ಬಸ್ಸು ತುಂಬಿ ಬಂತು. ಮೆಟ್ಟಿಲು ಎತ್ತರ, ಅವಳಿಗೆ ಮೊಣಕಾಲು ನೋವು. ನನ್ನ ಬಲಗೈಯಲ್ಲಿ ಅವಳ ಚೀಲವಿತ್ತು, ಹಾಗಾಗಿ ಎಡಗೈ ಚಾಚಿದೆ. ಹಿಡಿಯಲಿಕ್ಕಿಲ್ಲವೆಂದು ಗೊತ್ತಿದ್ದೇ ಚಾಚಿದೆ, ಬಾಗಿಲ ಕಂಬಿ ಇತ್ತಲ್ಲ. ಕಂಡಕ್ಟರ್ ಒಳಗೆ ಹೋಗಿ ಒಳಗೆ ಹೋಗಿ ಎನ್ನುತ್ತಿದ್ದ, ಅವನಿಗೆ ಸ್ವಲ್ಪ ತಾಳಿ ಎಂದು ಹೇಳಿ ಅಮ್ಮನ ಕಡೆ ತಿರುಗಿದೆ. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತಿದ್ದಳು. ಅವಳ ಕೈ ನನ್ನ ಕೈಯಲ್ಲಿತ್ತು. ನನ್ನ ಕಿರುಬೆರಳನ್ನೂ ಉಂಗುರ ಬೆರಳನ್ನೂ ಸೇರಿಸಿ ಬಿಗಿಯಾಗಿ ಹಿಡಿದಿದ್ದಳು. ಯಾವಾಗ ಹಿಡಿದಳೋ ನನಗೆ ತಿಳಿದಿರಲಿಲ್ಲ.

ನನಗೆ ಸಿಟ್ಟೇ ಬಂತು. ವರ್ಷವಿಡೀ ಕಾದದ್ದು ಕೊನೆಗೂ ಬಂದು, ಏನೂ ಗೊತ್ತಾಗದ ಆ ಎರಡು ಬೆರಳಿನಲ್ಲಿ ಕೂತಿತ್ತು. ಸುಮ್ಮನಿರಬಹುದಿತ್ತು. ಒಳ್ಳೆಯ ಮಗಳಾದರೆ ಸುಮ್ಮನಿರುತ್ತಿದ್ದಳು.

“ಅಲ್ಲಿ ಅಲ್ಲಮ್ಮ, ಅಲ್ಲಿ ಹಿಡಿದರೆ ನನಗೆ ಗೊತ್ತಾಗುವುದಿಲ್ಲ” ಎಂದೆ. “ಈಚೆ ಹಿಡಿ.”

ಅವಳು ನನ್ನ ಕೈಯನ್ನು ನೋಡಿದಳು. ಹಿಂದಿನಿಂದ ಜನ ತಳ್ಳುತ್ತಿದ್ದರು. ಹಿಡಿತ ಬಿಟ್ಟು, ಹೆಬ್ಬೆರಳಿನ ಬುಡದಲ್ಲಿ ಮತ್ತೆ ಹಿಡಿದಳು. ಅವಳ ಅಂಗೈ ಬಿಸಿಯಾಗಿತ್ತು, ಬೆವರಿತ್ತು.